ಮರೆಗುಳಿ ಬೀಗರ ಹಾಡು

ಮೊನ್ನೆ ಬೆಳಿಗ್ಗೆ ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಗೆ ಈರುಳ್ಳಿ ಆಟೋ ಬಂತು. ಅದರಲ್ಲೇನೂ ವಿಶೇಷವಿಲ್ಲ. ವಾರಕ್ಕೆ ಎರಡು ಸಲ ಬರುತ್ತದೆ, ನೆತ್ತಿಗೆ ಕಟ್ಟಿಕೊಂಡ ಸ್ಪೀಕರಿನಿಂದ ಇಡೀ ಬಡಾವಣೆಗೆ ಕೇಳುವಂತೆ ಕೂಗುತ್ತದೆ, ನಾವು ಚೀಲ ಹುಡುಕಿ ಬಾಗಿಲು ತೆರೆಯುವಷ್ಟರಲ್ಲಿ ಮುಂದಿನ ಕ್ರಾಸಿಗೆ ಹೋಗಿರುತ್ತದೆ. ಮೊನ್ನೆ ಮಾತ್ರ ಅದು ಕೂಗುತ್ತಿರಲಿಲ್ಲ, ಹಾಡುತ್ತಿತ್ತು. 'ಬಂದವು ಬಂದವು ಈರುಳ್ಳಿ ಬಂದವು, ದುರ್ಗದ ಈರುಳ್ಳಿ ಬಂದವು.' ನಾನು ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ. ಹಾಲಿನ ಬುದ್ಧಿ ನಿಮಗೂ ಗೊತ್ತಿರುತ್ತದೆ, ಕಣ್ಣು ತಪ್ಪಿಸುವುದನ್ನೇ ಕಾಯುತ್ತಿರುತ್ತದೆ. ಮನೆಯೆಲ್ಲ ಸೀದ ಹಾಲಿನ ವಾಸನೆ ತುಂಬಿದರೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ.

ಆಮೇಲೆ ಒಲೆ ಆರಿಸಿ ಬರಿಗಾಲಲ್ಲೇ ಓಡಿದೆ. ಆಟೋದವರು ನನ್ನ ವಯಸ್ಸಿನವರೇ, ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ಓಡಿ ಬಂದ ಗಿರಾಕಿಯನ್ನು ನೋಡಿ ಸಂತೋಷದಿಂದ ತಕ್ಕಡಿ ಎತ್ತಿಕೊಂಡರು. ನಾನು ಕೇಳಿದ್ದು ಬೇರೆ.

"ಈ ಹಾಡು ಎಲ್ಲಿ ಸಿಕ್ತು ನಿಮಗೆ?"

"ಹಾಡು ನಂದೇ ಅಕ್ಕ, ಫೋನಲ್ಲಿ ರೆಕಾರ್ಡ್ ಮಾಡಿದ್ದು. ಟ್ಯೂನ್ ಹಳೇದು. ನಮ್ಮ ಕಡೆ ಮದುವೇಲಿ ಹೇಳ್ತಿದ್ರಲ್ಲ, ಮರೆಗುಳಿ ಬೀಗರು ಅಂತ. ಆ ಟ್ಯೂನ್ ಹಾಕಿದ್ರೆ ಹೆಂಗಸರು ಬೇಗ ಹೊರಗೆ ಬರ್ತಾರೆ."

"ಮೊದಲು ಯಾರು ಹೇಳಿದ್ದು ಗೊತ್ತಾ?"

"ಅದೆಲ್ಲ ಯಾರಿಗೆ ಗೊತ್ತಿರುತ್ತೆ ಅಕ್ಕ. ಎಷ್ಟು ಕೊಡ್ಲಿ?"

ಮನೆಯಲ್ಲಿ ಬುಟ್ಟಿ ತುಂಬ ಈರುಳ್ಳಿ ಇದ್ದರೂ ಎರಡು ಕೆಜಿ ಹಾಕಿಸಿಕೊಂಡೆ. ಆ ಹಾಡನ್ನು ಕಟ್ಟಿದವಳು ನನ್ನ ಸೋದರತ್ತೆ ಗಂಗತ್ತೆ, ಇಲ್ಲೇ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಇದ್ದಾಳೆ ಎಂದು ಅವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಮುಂದಿನದನ್ನೂ ಹೇಳಬೇಕಾಗುತ್ತಿತ್ತು. ಗಂಗತ್ತೆ ಆ ಹಾಡು ಹೇಳುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು, ಬಿಡುವಂತೆ ಮಾಡಿದವಳು ನಾನು, ಮತ್ತು ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವಳ ಮುಂದೆ ಕೂತು 'ತಪ್ಪಾಯಿತು ಅತ್ತೆ' ಎಂದಿಲ್ಲ. ತಕ್ಕಡಿ ಹಿಡಿದು ನಿಂತವರಿಗೆ ಇದನ್ನೆಲ್ಲ ಹೇಳಲಾಗುವುದಿಲ್ಲ. ನೀವಾದರೆ ಹೇಗೂ ಕೂತಿದ್ದೀರಿ.

ಬೀಗರ ಹಾಡು ಎಂದರೇನು ಎಂದು ಈಗಿನ ಮದುವೆಗಳನ್ನು ಮಾತ್ರ ನೋಡಿದವರಿಗೆ ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಪಂಕ್ತಿಯ ತುದಿಯಲ್ಲಿ ನಿಂತು ಅವರನ್ನು ಹಾಡಿನಲ್ಲಿ ಹಂಗಿಸುತ್ತಿದ್ದರು. ಬೀಗರ ಹೊಟ್ಟೆ, ಬೀಗಿತ್ತಿಯ ಹಲ್ಲು, ಅವರ ಊರಿನ ದಾರಿ, ತಂದ ಸೀರೆಯ ಬಣ್ಣ, ಯಾವುದನ್ನೂ ಬಿಡುತ್ತಿರಲಿಲ್ಲ. ಅದುವರೆಗೆ 'ಬನ್ನಿ, ಕೂತ್ಕೊಳ್ಳಿ, ಸಂಕೋಚ ಬೇಡ' ಎಂದು ಕೈ ಮುಗಿದು ಮುಗಿದು ಸಾಕಾಗಿರುತ್ತಿದ್ದ ಹೆಣ್ಣಿನ ಕಡೆಯವರಿಗೆ ಅದೊಂದು ಅರ್ಧ ಗಂಟೆಯ ಸ್ವರಾಜ್ಯ. ಬೀಗರು ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಬಾಯಲ್ಲಿ ಹೋಳಿಗೆ ಇಟ್ಟುಕೊಂಡು ಸಿಟ್ಟಾಗುವುದು ಸುಲಭವೂ ಅಲ್ಲ.

ಈ ಹಾಡಿನಲ್ಲಿ ಗಂಗತ್ತೆಯದು ಎತ್ತಿದ ಕೈ. ಅವಳಿಗೆ ಒಂದು ನಿಯಮವಿತ್ತು. ಮದುವೆಗೆ ಮುಂಚೆ, ಎಲೆ ಅಡಿಕೆಯ ತಟ್ಟೆ ಹಿಡಿದುಕೊಂಡು ಗಂಡಿನ ಕಡೆಯವರ ನಡುವೆ ಒಂದು ಸುತ್ತು ಹಾಕಿ ಬರುತ್ತಿದ್ದಳು. ಮರ್ಯಾದೆ ಮಾಡುತ್ತಿದ್ದಾಳೆ ಎಂದು ಅವರು ತಿಳಿಯುತ್ತಿದ್ದರು. ಅವಳು ನೋಡುತ್ತಿದ್ದದ್ದು ಯಾರಿಗೆ ಕಾಲು ಎಳೆಯುತ್ತದೆ, ಯಾರ ಕಣ್ಣು ಓರೆ, ಯಾರ ತಲೆ ಬೋಳು ಎಂಬುದನ್ನು. ಹಾಗೆ ಕಂಡದ್ದನ್ನೆಲ್ಲ ಹಾಡಿನಿಂದ ತೆಗೆದುಬಿಡುತ್ತಿದ್ದಳು. ಬೀಗರು ಸಣಕಲಾಗಿದ್ದರೆ ಡೊಳ್ಳು ಹೊಟ್ಟೆಯ ಹಾಡು, ತಲೆತುಂಬ ಕೂದಲಿದ್ದರೆ ಬೋಳು ತಲೆಯ ಹಾಡು.

"ಇರೋದನ್ನ ಹಾಡಬಾರ್ದು ಕಣೆ" ಎಂದು ನನಗೆ ಹೇಳಿಕೊಟ್ಟಿದ್ದಳು. "ಹಾಡಿಸಿಕೊಂಡೋರೂ ನಗಬೇಕು. ಇಲ್ಲಾಂದ್ರೆ ಅದು ಹಾಡಲ್ಲ, ಬೈಗುಳ."

ಅತ್ತೆಯನ್ನು ನಾವೆಲ್ಲ ಮೊದಲಿನಿಂದಲೂ ಏಕವಚನದಲ್ಲೇ ಮಾತಾಡಿಸುತ್ತಿದ್ದೆವು. ಬಹುವಚನ ಏನಿದ್ದರೂ ಅವಳ ಗಂಡ ರುದ್ರಪ್ಪ ಮಾವನಿಗೆ. ಮಾವ ಭದ್ರಾವತಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸಕ್ಕಿದ್ದರು. ಯಾವ ಬೋಲ್ಟು ಯಾವ ಕಪಾಟಿನ ಯಾವ ಖಾನೆಯಲ್ಲಿದೆ ಎಂದು ರಿಜಿಸ್ಟರ್ ತೆರೆಯದೆ ಹೇಳುತ್ತಾರೆಂದು ಅವರ ಹೆಸರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಮಾತು ಕಡಿಮೆ. ಅತ್ತೆಯನ್ನು ಮದುವೆಗಳಿಗೆ ಕರೆದುಕೊಂಡು ಬಂದು ಬಿಡುತ್ತಿದ್ದರು, ಹಾಡು ಶುರುವಾದ ಕೂಡಲೇ ಪೇಪರು ಹಿಡಿದು ಛತ್ರದ ಹೊರಗಿನ ಕಟ್ಟೆಗೆ ಹೋಗುತ್ತಿದ್ದರು. "ಎಷ್ಟು ಸಲ ಕೇಳೋದು ಮಾರಾಯ್ತಿ ಅದನ್ನ" ಎನ್ನುತ್ತಿದ್ದರು. ಅತ್ತೆಗೆ ಇದರಿಂದ ಬೇಸರವೇನೂ ಆದಂತೆ ಕಾಣುತ್ತಿರಲಿಲ್ಲ. ಊರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುವಾಗ ಗಂಡನೊಬ್ಬ ನಗದಿದ್ದರೆ ಏನಂತೆ ಎಂದು ನಾನೂ ಅಂದುಕೊಂಡಿದ್ದೆ.

ಮರೆಗುಳಿ ಬೀಗರ ಹಾಡಿನ ಧಾಟಿ ನಮ್ಮ ಅಜ್ಜಿಯದು, ಪದಗಳು ಅತ್ತೆಯವು. ಶುರುವಾಗುವುದು ಹೀಗೆ:

ಬಂದರು ಬಂದರು ಬೀಗರು ಬಂದರು
ಎಕ್ಕಡ ಮರೆತು ಬಂದರು
ಎಕ್ಕಡ ಎಲ್ಲಿ ಬೀಗರೆ ಅಂದರೆ
ಟೋಪಿಯ ತೆಗೆದು ನೋಡಿದರು

ಎರಡನೆಯ ಸಲ ಬೀಗರು ಕೊಡೆ ಮರೆತು ಬರುತ್ತಾರೆ. ಕೊಡೆ ಎಲ್ಲಿ ಎಂದರೆ ಮಳೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಮೂರನೆಯದರಲ್ಲಿ ಹೆಂಡತಿಯನ್ನೇ ಮರೆತು ಬರುತ್ತಾರೆ. ಬೀಗಿತ್ತಿ ಎಲ್ಲಿ ಎಂದರೆ 'ಸೀಟಿಗೆ ಟವೆಲು ಹಾಕಿವಿ ಅಂದರು.' ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು, ಬೀಡಾ ತರಲು ಹೋಗಿ ಬೇರೆ ಬಸ್ಸು ಹತ್ತಿದ್ದನ್ನು ಕಣ್ಣಾರೆ ನೋಡಿ ಅತ್ತೆ ಕಟ್ಟಿದ ಸಾಲು ಅದು. ನಾಲ್ಕನೆಯದರಲ್ಲಿ ಮದುಮಗನನ್ನೇ ಮರೆತು ಬಂದಿರುತ್ತಾರೆ. ಮದುಮಗ ಎಲ್ಲಿ ಬೀಗರೆ ಅಂದರೆ, 'ನಾನೇ ಆದೇನು ಅಂದರು.' ಇಲ್ಲಿ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕಡೆಯದು ಊಟದ್ದು:

ಉಂಡರು ಉಂಡರು ಬೀಗರು ಉಂಡರು
ಉಂಡದ್ದು ಮರೆತು ಕೂತರು
ಊಟ ಆಯಿತೆ ಬೀಗರೆ ಅಂದರೆ
ಎಲೆಯನು ಹಾಕಿರಿ ಅಂದರು

ಬರೆದು ನೋಡಿದರೆ ಇಷ್ಟೇ. ಇದರಲ್ಲಿ ಸಾಹಿತ್ಯವನ್ನು ಹುಡುಕಹೋದವರಿಗೆ ಬೀಗರ ಎಕ್ಕಡವೂ ಸಿಗಲಾರದು. ಆದರೆ ತೊಂಬತ್ತರ ದಶಕದಲ್ಲಿ ಭದ್ರಾವತಿ, ಶಿವಮೊಗ್ಗದ ಕಡೆ ಮದುವೆಯಾದ ಯಾರನ್ನಾದರೂ ಕೇಳಿ, ಎರಡನೆಯ ಸಾಲು ಅವರೇ ಎತ್ತಿಕೊಳ್ಳುತ್ತಾರೆ.

ಅಷ್ಟು ದೂರ ಹಬ್ಬಿದ್ದು ಕ್ಯಾಸೆಟ್ಟಿನಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ಶಿವಮೊಗ್ಗದ ಕ್ಯಾಸೆಟ್ ಅಂಗಡಿಯವರೊಬ್ಬರು ಅತ್ತೆಯನ್ನು ಮದುವೆಯೊಂದರಲ್ಲಿ ಕೇಳಿ, ತಮ್ಮ ಅಂಗಡಿಯ ಮೇಲಿನ ಕೋಣೆಗೆ ಕರೆಸಿಕೊಂಡರು. ನಾನೂ ಬಾಲದಂತೆ ಹೋಗಿದ್ದೆ. ಹೊರಗಿನ ಗಲಾಟೆ ಕೇಳಿಸದಿರಲೆಂದು ಕಿಟಕಿಗೆ ಹಾಸಿಗೆ ನಿಲ್ಲಿಸಿದ್ದರು. ಹಾರ್ಮೋನಿಯಂನವರು, ಡೋಲಕ್‌ನವರು, ಅತ್ತೆ, ಎಲ್ಲರೂ ಬೆವರಿನಲ್ಲಿ ತೊಯ್ದುಹೋದರು. ಅಷ್ಟು ಮಾಡಿದರೂ ಕೊಡೆಯ ಪದ್ಯದ ನಡುವೆ ಯಾರದೋ ಸ್ಕೂಟರಿನ ಹಾರ್ನ್ ಎರಡು ಸಲ ಕೇಳಿಸಿತು. ಇನ್ನೊಂದು ಸಲ ಹಾಡಿಸುವಷ್ಟು ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಕ್ಯಾಸೆಟ್ಟು ಕೇಳಿ ಕಲಿತ ಜನ ಕೊಡೆಯ ಪದ್ಯದಲ್ಲಿ 'ಪೀಂ ಪೀಂ' ಎಂದು ಸೇರಿಸಿಯೇ ಹೇಳುತ್ತಾರೆ. ಮೊನ್ನೆ ಈರುಳ್ಳಿ ಆಟೋದಲ್ಲೂ ಅದು ಇತ್ತು.

ಕ್ಯಾಸೆಟ್ಟಿನ ಮೇಲೆ ಅತ್ತೆಯ ಹೆಸರಿರಲಿಲ್ಲ. 'ಜಾನಪದ ಗಾಯಕಿಯರು' ಎಂದು ಹಾಕಿ ತಲೆಯ ಮೇಲೆ ಕೊಡ ಹೊತ್ತ ಯಾರೋ ಚೆಲುವೆಯ ಚಿತ್ರ ಅಚ್ಚು ಮಾಡಿದ್ದರು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಾನು ಹರೆಯದಲ್ಲೂ ಇಷ್ಟು ಚೆನ್ನಾಗಿರ್ಲಿಲ್ಲ ಬಿಡು" ಎಂದಳು. ಹೆಸರಿಲ್ಲದ್ದಕ್ಕೆ ಕೊರಗಿದವಳು ನಾನು. ಭದ್ರಾವತಿ ಬಸ್ಸುಗಳಲ್ಲಿ ಹಾಡು ಬಂದಾಗಲೆಲ್ಲ ಪಕ್ಕದ ಸೀಟಿನವರಿಗೆ "ಇದು ನಮ್ಮತ್ತೆ" ಎಂದು ಹೇಳಿಕೊಂಡು ಬಂದಿದ್ದೇನೆ. ಅರ್ಧದಷ್ಟು ಜನ ನಂಬುತ್ತಿರಲಿಲ್ಲ. ನಂಬಿಸಬೇಕೆಂದು ನಾನು ಹಾಡಿ ತೋರಿಸಿದಾಗ ಉಳಿದರ್ಧವೂ ನಂಬಿಕೆ ಕಳೆದುಕೊಳ್ಳುತ್ತಿತ್ತು.

ನನ್ನ ಕಂಠದ ವಿಚಾರ ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಇದೇ ಹಾಡನ್ನು ಹೇಳಲು ವೇದಿಕೆ ಹತ್ತಿದ್ದೆ. ಮೂರನೆಯ ಪದ್ಯಕ್ಕೆ ಬರುವಾಗ ಮಾತು ಮರೆತುಹೋಯಿತು. ಬೀಗರು ಏನನ್ನು ಮರೆತು ಬಂದರು ಎಂಬುದನ್ನೇ ಮರೆತು ಬಾಯಿ ತೆರೆದು ನಿಂತೆ. ಕಣ್ಣಲ್ಲಿ ನೀರು ಬಂದಿತ್ತು. ಜನ ಬಿದ್ದು ಬಿದ್ದು ನಕ್ಕರು. ಮರೆವಿನ ಹಾಡಿಗೆ ತಕ್ಕ ಅಭಿನಯವೆಂದು ಹೆಡ್ಮೇಷ್ಟ್ರು ಮೈಕಿನಲ್ಲಿ ಹೊಗಳಿ ಸ್ಟೀಲ್ ಡಬ್ಬಿಯೊಂದನ್ನು ಬಹುಮಾನ ಕೊಟ್ಟರು. ಆ ಡಬ್ಬಿಯಲ್ಲಿ ನಮ್ಮಮ್ಮ ಬಹಳ ವರ್ಷ ಸಾಸಿವೆ ಹಾಕಿಡುತ್ತಿದ್ದಳು.

ನನ್ನ ಮದುವೆ ಗೊತ್ತಾದದ್ದು ಎರಡು ಸಾವಿರದ ಆಚೀಚೆ, ಶಿಕಾರಿಪುರದ ಕಡೆಯ ಮನೆತನದ ಜೊತೆ. ಮದುವೆಯ ಮಾತುಕತೆಯಲ್ಲಿ ನಾನು ಗಂಡಿಗೆ ಹೇಳಿದ ಮೊದಲ ಮಾತು, ಮರೆಗುಳಿ ಬೀಗರ ಹಾಡಿನ ಒಡತಿ ನನ್ನ ಅತ್ತೆ ಎಂಬುದು. ಅವರ ಮನೆಯಲ್ಲೂ ಆ ಕ್ಯಾಸೆಟ್ ಇತ್ತು. ಅಲ್ಲಿಂದ ಮುಂದೆ ಅವರ ಕಡೆಯವರು ಸಿಕ್ಕಾಗಲೆಲ್ಲ "ಹಾಡು ಇದೆ ತಾನೆ?" ಎಂದು ಕೇಳುತ್ತಿದ್ದರು. ನಾನೂ "ಅದನ್ನ ಕೇಳಬೇಕಾ?" ಎಂದು ಜಂಬದಿಂದ ಹೇಳುತ್ತಿದ್ದೆ.

ಮದುವೆಗೆ ನಾಲ್ಕು ದಿನವಿರುವಾಗ ಅತ್ತೆ ಬಂದಳು. ಅರಿಶಿನ ಕುಟ್ಟುತ್ತಾ ಕೂತಿದ್ದವಳಿಗೆ ನಾನು ಹಾಡಿನ ಮಾತೆತ್ತಿದೆ.

"ಆ ಹಾಡು ಬೇಡ ಕಣೆ" ಎಂದಳು. "ಬೋಳು ತಲೆ ಬೀಗರದ್ದು ಹೇಳ್ತೀನಿ. ಹೊಸ ಪದ್ಯ ಸೇರಿಸಿದ್ದೀನಿ, ಕೇಳು."

"ಅವರು ಕಾಯ್ತಿರೋದು ಮರೆಗುಳಿದು. ನಮ್ಮ ಬೀಗರ ನೆನಪು ಎಷ್ಟು ಗಟ್ಟಿ ಗೊತ್ತಾ? ಲಗ್ನಪತ್ರಿಕೇಲಿ ಯಾರ ಹೆಸರು ಬಿಟ್ಟುಹೋಗಿದೆ ಅಂತ ಬಾಯಿಪಾಠ ಒಪ್ಪಿಸಿದ್ರು. ನಿನ್ನ ನಿಯಮಕ್ಕೂ ಸರಿಹೋಯ್ತಲ್ಲ."

"ಬೇಡ ಅಂದ್ನಲ್ಲ."

"ಯಾಕೆ ಬೇಡ?"

ಅವಳು ಒನಕೆಯನ್ನು ಎರಡು ಸಲ ಎತ್ತಿ ಹಾಕಿದಳು. ಆಮೇಲೆ "ಗಂಟಲು ಸರಿ ಇಲ್ಲ" ಎಂದಳು.

ಬೋಳು ತಲೆಗೆ ಸರಿಯಿರುವ ಗಂಟಲು ಮರೆವಿಗೆ ಯಾಕೆ ಸರಿಯಿಲ್ಲ ಎಂದು ಯೋಚಿಸಿದ್ದರೆ ನನಗೆ ಏನಾದರೂ ಹೊಳೆಯುತ್ತಿತ್ತೋ ಏನೋ. ನಾನು ಯೋಚಿಸಲಿಲ್ಲ. ಮದುವಣಗಿತ್ತಿಯರಿಗೆ ಆ ನಾಲ್ಕು ದಿನ ಲೋಕವೆಲ್ಲ ತಮ್ಮ ಮರ್ಜಿಯಲ್ಲಿ ಇರಬೇಕೆಂಬ ಭ್ರಮೆ ಇರುತ್ತದೆ. "ಊರಿನ ಹುಡುಗೀರಿಗೆಲ್ಲ ಹಾಡ್ತೀಯ, ತವರಿನ ಹುಡುಗಿ ಅಂದ್ರೆ ಗಂಟಲು ನೋವು" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಅತ್ತೆ ಅರಿಶಿನ ಕುಟ್ಟಿ ಮುಗಿಸಿದಳು.

ಮದುವೆಯ ದಿನ ನಾನು ಮಾಡಿದ ಕೆಲಸ ಕೇಳಿ. ನಮ್ಮ ಮನೆಯ ಕ್ಯಾಸೆಟ್ಟನ್ನು ಬೆಳಿಗ್ಗೆಯೇ ಮೈಕ್ ಸೆಟ್ಟಿನವರಿಗೆ ಕಳಿಸಿಕೊಟ್ಟಿದ್ದೆ. ಎರಡನೆಯ ಪಂಕ್ತಿಯಲ್ಲಿ ಮದುಮಕ್ಕಳ ಜೊತೆ ಬೀಗರು ಕೂರುತ್ತಾರೆ, ಆಗ ಹಾಕಿ ಎಂದು ಹೇಳಿಸಿದ್ದೆ. ಅತ್ತೆ ಹಾಡದಿದ್ದರೆ ಅತ್ತೆಯ ಕ್ಯಾಸೆಟ್ಟು ಹಾಡುತ್ತದೆ, ನನ್ನ ಮಾತೂ ಉಳಿಯುತ್ತದೆ. ಇಷ್ಟು ಜಾಣತನವನ್ನು ನಾನು ಬೇರೆ ಯಾವ ವಿಷಯದಲ್ಲೂ ತೋರಿಸಿದ್ದಿಲ್ಲ.

ಎರಡನೆಯ ಪಂಕ್ತಿ ಕೂತಿತು. ಹಾಡು ಶುರುವಾಯಿತು. ಬೀಗರ ಕಡೆಯವರೆಲ್ಲ ಹೋ ಎಂದರು. ನನ್ನ ಗಂಡನ ತಂದೆ ಟೋಪಿ ಇಲ್ಲದ ತಲೆಯನ್ನು ತಡವಿಕೊಂಡು ಎಲ್ಲರನ್ನೂ ನಗಿಸಿದರು. ಕೊಡೆ ಬಂತು, 'ಪೀಂ ಪೀಂ' ಎಂದು ಇಡೀ ಪಂಕ್ತಿ ಕೂಗಿತು. ಆ ಹೊತ್ತಿಗೆ ರುದ್ರಪ್ಪ ಮಾವ ಒಳಗೆ ಬಂದರು. ಅವರದು ಮೊದಲನೆಯ ಪಂಕ್ತಿಯಲ್ಲೇ ಊಟವಾಗಿತ್ತು, ಹೋಳಿಗೆಗೆ ತುಪ್ಪ ಬಡಿಸಿದವನು ನನ್ನ ಅಣ್ಣ. ಮಾವ ನಿಧಾನವಾಗಿ ನಡೆದು ಬಂದು ನಮ್ಮ ಎದುರು ಸಾಲಿನಲ್ಲಿ ಖಾಲಿಯಿದ್ದ ಜಾಗದಲ್ಲಿ ಕೂತರು. ಅಂಗಿಯ ತೋಳು ಸರಿಮಾಡಿಕೊಂಡರು.

ಹಾಡು ಕಡೆಯ ಪದ್ಯಕ್ಕೆ ಬಂದಿತ್ತು. ಅಣ್ಣ ಬಗ್ಗಿ, "ಮಾವ, ನಿಮ್ಮ ಊಟ ಆಯ್ತಲ್ಲ?" ಎಂದು ಕೇಳಿದ.

"ಎಲ್ಲಿ ಆಯ್ತಪ್ಪ. ಎಲೆ ಹಾಕು" ಎಂದರು ಮಾವ.

ಮೈಕಿನಲ್ಲಿ ಅತ್ತೆಯ ಧ್ವನಿಯೂ ಅದನ್ನೇ ಹೇಳುತ್ತಿತ್ತು. ಛತ್ರವೇ ಎದ್ದು ಬೀಳುವಂತೆ ಜನ ನಕ್ಕರು. ಜೀವಮಾನದಲ್ಲಿ ಒಂದು ತಮಾಷೆ ಮಾಡದ ಮನುಷ್ಯ ಹಾಡಿಗೆ ಸರಿಯಾಗಿ ಅಭಿನಯ ಮಾಡಿ ತೋರಿಸಿದರಲ್ಲ ಎಂದು ಎಲ್ಲರಿಗೂ ಖುಷಿ. ಯಾರೋ "ರುದ್ರಪ್ಪಾರು ಆಕ್ಟಿಂಗಲ್ಲಿ ಗಂಗಕ್ಕನ್ನೂ ಮೀರಿಸಿದ್ರು" ಎಂದರು. ಮಾವ ಸುತ್ತ ನೋಡಿ ತಾವೂ ನಕ್ಕರು. ನಾನು ಮೊಣಕೈವರೆಗೆ ಬಳೆ ತೊಟ್ಟಿದ್ದ ಕೈಗಳಿಂದ ಚಪ್ಪಾಳೆ ತಟ್ಟಿದೆ. ಬಳೆಗಳ ಆ ಸದ್ದು ಈಗಲೂ ಒಮ್ಮೊಮ್ಮೆ ಕೇಳಿಸುತ್ತದೆ. ಆಗೆಲ್ಲ ಎದ್ದು ಏನಾದರೊಂದು ಕೆಲಸಕ್ಕೆ ಕೈ ಹಾಕುತ್ತೇನೆ.

ಗಂಗತ್ತೆ ಅಡುಗೆಯ ಕಡೆಯಿಂದ ಬಂದಳು. ಓಡಿ ಬರಲಿಲ್ಲ, ಮುಖವನ್ನೂ ಬದಲಿಸಲಿಲ್ಲ. ಮಾವನ ಪಕ್ಕದಲ್ಲಿ ಕೂತು, ಅಣ್ಣನಿಗೆ ಎರಡು ಎಲೆ ಹಾಕುವಂತೆ ಕೈ ತೋರಿಸಿದಳು. ಅವಳೂ ಮೊದಲನೆಯ ಪಂಕ್ತಿಯಲ್ಲೇ ಊಟ ಮಾಡಿದ್ದಳು. ಮಾವನೊಬ್ಬರೇ ಎರಡನೆಯ ಸಲ ಉಣ್ಣುವುದು ಬೇಡವೆಂದು ತಾನೂ ಅನ್ನ ಹಾಕಿಸಿಕೊಂಡಳು, ಸಾರು ಹಾಕಿಸಿಕೊಂಡಳು, ಒಂದು ಅಗುಳೂ ಬಿಡದೆ ಉಂಡಳು. ಜನ ಇಬ್ಬರನ್ನೂ ನೋಡಿ ಇನ್ನಷ್ಟು ನಕ್ಕರು. ಊಟ ಮುಗಿದ ಮೇಲೆ ಮೈಕ್ ಸೆಟ್ಟಿನ ಹತ್ತಿರ ಹೋಗಿ ಕ್ಯಾಸೆಟ್ಟನ್ನು ತೆಗೆಸಿ ಚೀಲಕ್ಕೆ ಹಾಕಿಕೊಂಡಳು. ನನ್ನ ತಲೆಯ ಮೇಲೆ ಅಕ್ಷತೆ ಹಾಕಿ, ಮಾವನ ಕೈ ಹಿಡಿದುಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದಳು. ನನ್ನ ಕ್ಯಾಸೆಟ್ಟು ಒಯ್ದಳಲ್ಲ ಎಂದು ನನಗೆ ಸಿಟ್ಟು ಬಂತು. ನಿಜವಾಗಿ ಆಗ ಬಂದದ್ದು ಸಿಟ್ಟೇ.

ಅದಾದ ಆರೇಳು ತಿಂಗಳಿಗೆ ಮಾವ ಓಲ್ಡ್ ಟೌನಿನ ಮಾರ್ಕೆಟ್ಟಿಗೆ ಸೊಪ್ಪು ತರಲು ಹೋಗಿ ಮನೆಗೆ ದಾರಿ ತಿಳಿಯದೆ ಭದ್ರಾ ಸೇತುವೆಯ ಹತ್ತಿರ ನಿಂತಿದ್ದರು. ಗುರುತಿನವರು ಕರೆತಂದರು. ಡಾಕ್ಟರು ಮರೆವಿನ ಕಾಯಿಲೆಯ ಹೆಸರು ಹೇಳಿದರು. ಶುರುವಾಗಿ ಒಂದೆರಡು ವರ್ಷವೇ ಆಗಿರಬೇಕು, ಮನೆಯವರಿಗೆ ಗೊತ್ತಾಗಿರುತ್ತದೆ ಎಂದರಂತೆ. ಅಮ್ಮ ಫೋನಿನಲ್ಲಿ ಇದನ್ನು ಹೇಳಿದಾಗ ಅತ್ತೆ ಅರಿಶಿನ ಕುಟ್ಟುತ್ತಿದ್ದ ಆ ದಿನ ನೆನಪಾಯಿತು. ಗಂಟಲು ನೋವಿನ ಅರ್ಥ ಆಗ ತಿಳಿಯಿತು. ಬೀಗರಲ್ಲಿ ಮರೆವಿನವರು ಇದ್ದಾರೆಯೇ ಎಂದು ನಾನು ಹುಡುಕಿದ್ದೆ. ಮರೆವು ಅವಳ ಮನೆಯಲ್ಲೇ ಇತ್ತು.

ಅಲ್ಲಿಂದ ಮುಂದೆ ಅತ್ತೆ ಯಾವ ಮದುವೆಯಲ್ಲೂ ಹಾಡಲಿಲ್ಲ. ಬೋಳು ತಲೆಯದನ್ನೂ ಇಲ್ಲ, ಡೊಳ್ಳು ಹೊಟ್ಟೆಯದನ್ನೂ ಇಲ್ಲ. ಮಾವ ನಾಲ್ಕೈದು ವರ್ಷ ಹಾಗೇ ಇದ್ದು ತೀರಿಕೊಂಡರು. ನಾನು ಹಬ್ಬಕ್ಕೆ, ಹುಣ್ಣಿಮೆಗೆ ಹೋಗಿ ಬರುತ್ತಿದ್ದೆ. ಅತ್ತೆ ಮೊದಲಿನ ಹಾಗೆಯೇ ಮಾತಾಡಿಸುತ್ತಿದ್ದಳು, ಮಡಿಲು ತುಂಬಿ ಕಳಿಸುತ್ತಿದ್ದಳು. ಆ ದಿನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತು ಹೇಳಿಬಿಡಬೇಕು ಎಂದು ಬಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡು ಹೋಗುತ್ತಿದ್ದೆ, ದಾರಿಯಲ್ಲಿ ನಿದಿಗೆ ಊರು ದಾಟುವಾಗ ಸಿದ್ಧವಾಗಿರುತ್ತಿದ್ದ ವಾಕ್ಯ ಅವಳ ಮನೆಯ ಹೊಸಿಲಿನಲ್ಲಿ ಕೈ ಕೊಡುತ್ತಿತ್ತು. ಹಾಡು ಮಾತ್ರ ನಿಲ್ಲಲಿಲ್ಲ. ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿ ಹೋಗಿ ಫೋನು ಬಂತು, ಡೋಲಕ್ ಹೋಗಿ ಎದೆ ನಡುಗಿಸುವ ಬಡಿತ ಬಂತು. ಎಲ್ಲರೂ ಅದನ್ನು ಹೇಳುತ್ತಾರೆ. ನನಗೆ ಬೇಕಾದದ್ದು ಅತ್ತೆ ಹೇಳಿದ್ದು. ಪಂಕ್ತಿಯ ತುದಿಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನು ಒಂದಿಷ್ಟೂ ನಗದೆ, ಬೀಗರನ್ನು ಕನಿಕರದಿಂದ ನೋಡುತ್ತ ಅವಳು ಹೇಳುತ್ತಿದ್ದ ಹಾಡು ಬೇಕು ಎಂದು ಜೀವ ಹಂಬಲಿಸುತ್ತದೆ. ಕೇಳುವ ಹಕ್ಕು ಕಳೆದುಕೊಂಡವಳಿಗೇ ಈ ಹಂಬಲ ಹೆಚ್ಚು.

ಈರುಳ್ಳಿ ಕೊಂಡ ಮಾರನೆಯ ದಿನವೇ ಭದ್ರಾವತಿ ಬಸ್ಸು ಹತ್ತಿದೆ. ಅತ್ತೆ ಈಗ ಎಪ್ಪತ್ತಾರರವಳು. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾ‌ಲೆಗೆ ಹೋಗಿದ್ದರು. ಜಗುಲಿಯಲ್ಲಿ ಕೂತು ಮೊರದ ತುಂಬ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಎದುರು ಕೂತು ಸುಲಿಯತೊಡಗಿದೆ. ಈರುಳ್ಳಿ ಆಟೋದ ಕಥೆ ಹೇಳಿದೆ. ಅವಳು ನಕ್ಕು, "ಈರುಳ್ಳಿ ಚೆನ್ನಾಗಿತ್ತಾ?" ಎಂದಳು.

"ಅರ್ಧ ಕೊಳೆತಿತ್ತು."

"ಹಾಡಿಗೆ ಮರುಳಾಗಿ ತಗೊಂಡ್ರೆ ಹಂಗೇ."

ಆಗ ಹೇಳಿದೆ. ಜೋಡಿಸಿಕೊಂಡು ಹೋದ ವಾಕ್ಯ ಅದಲ್ಲ, ಬಾಯಿಗೆ ಬಂದದ್ದು. "ಅತ್ತೆ, ನನ್ನ ಮದುವೇಲಿ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ."

ಅತ್ತೆಯ ಕೈ ನಿಲ್ಲಲಿಲ್ಲ. ಎರಡು ಕಾಯಿ ಸುಲಿದ ಮೇಲೆ, "ಅದನ್ನ ಇನ್ನೂ ಇಟ್ಕೊಂಡಿದ್ದೀಯಾ ಮಾರಾಯ್ತಿ" ಎಂದಳು.

"ನೀನು ಅವತ್ತಿಂದ ಹಾಡೋದೇ ಬಿಟ್ಟೆಯಲ್ಲ."

"ಯಾರು ಹೇಳಿದ್ದು ಬಿಟ್ಟೆ ಅಂತ?"

ನಾನು ತಲೆಯೆತ್ತಿ ನೋಡಿದೆ.

"ಅವತ್ತು ವಾಪಸ್ ಬರುವಾಗ ಬಸ್ಸಲ್ಲಿ ನಿಮ್ಮ ಮಾವ ಕೇಳಿದ್ರು, ಮೈಕಲ್ಲಿ ಹಾಡು ಹೇಳಿದ್ದು ಯಾರು, ಬಾಳ ಚೆನ್ನಾಗಿತ್ತು ಅಂತ. ನಾನೇ ಅಂದೆ. ಹೌದಾ, ಮತ್ತೊಂದ್ಸಲ ಹೇಳು ಅಂದ್ರು. ಮೂವತ್ತು ವರ್ಷ ಅದನ್ನ ಕೇಳಿ ಎದ್ದು ಹೋಗ್ತಿದ್ದ ಮನುಷ್ಯ. ಬಸ್ಸಲ್ಲೇ ಸಣ್ಣಗೆ ಹೇಳಿದೆ. ನಕ್ಕುಬಿಟ್ರು. ನನ್ನ ಹಾಡಿಗೆ ಅವರು ನಕ್ಕಿದ್ದು ಅದೇ ಮೊದಲು."

ಅತ್ತೆ ಮೊರವನ್ನು ಪಕ್ಕಕ್ಕೆ ಸರಿಸಿದಳು. ಆಮೇಲಾಮೇಲೆ ಮಾವನಿಗೆ ಸಂಜೆಯಾದರೆ ಗಾಬರಿ ಶುರುವಾಗುತ್ತಿತ್ತಂತೆ. ಮನೆಗೆ ಹೋಗಬೇಕು, ಪಾಳಿಗೆ ಹೊತ್ತಾಯಿತು ಎಂದು ಬಾಗಿಲಿಗೆ ಬರುತ್ತಿದ್ದರಂತೆ. ಇದೇ ಮನೆ ಎಂದರೆ ನಂಬುತ್ತಿರಲಿಲ್ಲ. ಆಗ ಅತ್ತೆ ಅವರನ್ನು ಈ ಜಗುಲಿಯಲ್ಲೇ ಕೂರಿಸಿಕೊಂಡು ಮರೆಗುಳಿ ಬೀಗರ ಹಾಡು ಹೇಳುತ್ತಿದ್ದಳು. ಅವರು ಕೇಳಿ, ನಕ್ಕು, ಪಾಳಿಯನ್ನು ಮರೆಯುತ್ತಿದ್ದರು.

"ಎಷ್ಟು ದಿನ ಅತ್ತೆ?"

"ದಿನಾ. ಅವರು ಹೋಗೋ ತನಕ."

"ನಿನಗೆ ಸಾಕಾಗ್ತಿರಲಿಲ್ವಾ?"

"ಹೇಳೋಳಿಗೆ ಹಳೇದು, ಕೇಳೋರಿಗೆ ದಿನಾ ಹೊಸದು. ನಾನು ಯಾರು ಅಂತ ಕಡೇಕಡೇಗೆ ಗೊತ್ತಾಗ್ತಿರಲಿಲ್ಲ. ಹಾಡೋ ಅಮ್ಮ ಬಂದ್ಲು ಅನ್ನೋರು." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಊರಿಗೆಲ್ಲ ಹೇಳಿದೆ ಕಣೆ. ಆದ್ರೆ ಅಷ್ಟು ಚೆನ್ನಾಗಿ ಯಾರೂ ಕೇಳ್ಲಿಲ್ಲ."

ಇಪ್ಪತ್ತು ವರ್ಷ ನಾನು ಕೊಂದೆನೆಂದು ತಿಳಿದಿದ್ದ ಹಾಡು ಈ ಮನೆಯಲ್ಲಿ ಮಾವ ಇರುವ ತನಕ ದಿನವೂ ನಡೆದಿತ್ತು. ನನಗೆ ಸಮಾಧಾನವಾಯಿತು, ಅಳುವೂ ಬಂತು. ಅಷ್ಟಾದರೂ ಆಸೆ ಬಿಡಲಿಲ್ಲ. "ನನಗೊಂದ್ಸಲ ಹೇಳು ಅತ್ತೆ" ಎಂದೆ.

ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಧ್ವನಿ ತೆಳ್ಳಗಾಗಿತ್ತು. ಬಂದರು ಬಂದರು ಬೀಗರು ಬಂದರು, ಎಕ್ಕಡ ಮರೆತು ಬಂದರು. ಎಕ್ಕಡ ಎಲ್ಲಿ ಬೀಗರೆ ಅಂದರೆ... ಎಂದು ನಿಲ್ಲಿಸಿಬಿಟ್ಟಳು.

"ನೋಡು, ಮುಂದಿನ ಸಾಲು ಬಂದೇ ಇಲ್ಲ, ನೀನು ಆಗ್ಲೇ ನಗ್ತಿದ್ದೀಯ" ಎಂದಳು. "ನೀವೆಲ್ಲ ಹಂಗೇ. ಅವರು ಸಾಲು ಮುಗಿಯೋ ತನಕ ನನ್ನ ಮುಖ ನೋಡ್ತಾ ಕೂತಿರೋರು. ನಾನು ಸ್ವಲ್ಪ ತಡ ಮಾಡಿದ್ರೆ, ಆಮೇಲೇನಾಯ್ತು ಅನ್ನೋರು. ಇನ್ನು ಯಾರಿಗೆ ಹೇಳ್ಲಿ ಹೇಳು."

ಮೊರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. ನಾನು ಕಣ್ಣು ಒರೆಸಿಕೊಂಡೆ. ಮುಖದ ಮೇಲಿದ್ದ ನಗುವನ್ನೂ ಒರೆಸಿಕೊಂಡೆ. ಅವಳ ಮುಖವನ್ನೇ ನೋಡುತ್ತ, ಏನೂ ತಿಳಿಯದವಳ ಹಾಗೆ ಕೇಳಿದೆ.

"ಎಕ್ಕಡ ಎಲ್ಲಿ ಅಂದ್ರಲ್ಲ ಅತ್ತೆ. ಆಮೇಲೇನಾಯ್ತು?"

ಅತ್ತೆ ನನ್ನನ್ನು ಬಹಳ ಹೊತ್ತು ನೋಡಿದಳು. ಸುಳ್ಳು ಎಂದು ಅವಳಿಗೆ ಗೊತ್ತಾಗಿತ್ತು. ಆದರೂ ಬಾಯಿ ತೆರೆದಳು. ನಾನು ಸಾಲು ಮುಗಿಯುವ ತನಕ ಕಾದೆ.